ಅಡಿಹಾಸಿಗೆ ಮುಂಚೆ ಅಂಗಾಲು

ಝೊರಿಯಾ ಹಳ್ಳಿ, ಸಸ್ಕ್ಯಾಚೆವಾನ್, ಕೆನಡಾ
೬ ಅಕ್ಟೋಬರ್ ೧೯೯೬

ಏನೇ ಝೆನ್ಯಾ,

ಕೈಗೆ ಏನಾಗಿದೆ ನಿನಗೆ? ಆ ಉತ್ತರದ ಚಳಿಗೆ ಪೆನ್ನಿನ ಮಸಿ ಹೆಪ್ಪುಗಟ್ಟಿತೋ, ಇಲ್ಲ ಅಜ್ಜಿಯ ವಿಳಾಸವೇ ಮರೆತುಹೋಯಿತೋ? ಇದನ್ನು ಕೋಟು ಹಾಕಿಕೊಳ್ಳುತ್ತಾ ಅರ್ಧಂಬರ್ಧ ಓದಬೇಡ. ಕೂತು ಓದು. ಓದುವಾಗ ಉಗುರು ಕಚ್ಚಬೇಡ. ಕಚ್ಚುತ್ತಿದ್ದೀಯ, ನನಗೆ ಇಲ್ಲಿಂದಲೇ ಗೊತ್ತು.

ಮಾರ್ಚ್‌ನಲ್ಲಿ ನಿನ್ನ ಅಜ್ಜನನ್ನು ಮಣ್ಣು ಮಾಡಿದೆವು. ನೀನು ಬರಲಿಲ್ಲ. ಯಾಕೆ ಬರಲಿಲ್ಲವೆಂದು ನಾನು ಆಗ ಕೇಳಲಿಲ್ಲ, ಈಗಲೂ ಕೇಳುತ್ತಿಲ್ಲ. ಪಾದ್ರಿಗಳು ಸ್ವಲ್ಪ ಹೊತ್ತು ಕಾದರು, ರಸ್ತೆಯ ಕಡೆ ನೋಡಿದರು. ನಾನು ಆ ಕಡೆ ನೋಡಲಿಲ್ಲ. ಆಮೇಲೆ ನೀನು ಕಳಿಸಿದ ಕಾರ್ಡಿನಲ್ಲಿ ಹೂವಿನ ಚಿತ್ರವಿತ್ತು. ಹೂವು ಚೆನ್ನಾಗಿತ್ತು. ಬೇಸಿಗೆಯಿಡೀ ನೀನೂ ಸುಮ್ಮನಿದ್ದೆ, ನಾನೂ ಸುಮ್ಮನಿದ್ದೆ. ನಿಮ್ಮ ಹವಾಮಾನ ಕೇಂದ್ರದ ರೇಡಿಯೋ ಟೆಲಿಫೋನಿನಲ್ಲಿ ಗಾಳಿ ಊಳಿಡುವುದು ಬಿಟ್ಟು ನನಗೆ ಬೇರೇನೂ ಕೇಳಿಸುವುದಿಲ್ಲ. ಅದಕ್ಕೆ ಕಾಗದ.

ಈಗ ಬರೆಯಲು ಕಾರಣವಿದೆ. ಮೊನ್ನೆ ಎಲೆಕೋಸು ಕೀಳುತ್ತಿದ್ದೆ. ನೆಸ್ತೋರನ ಮೊಮ್ಮಗಳು ಲೂಬಾ ಬೇಲಿಗೆ ಗದ್ದ ಊರಿ ನಿಂತಳು.

"ಅಜ್ಜಿ, ಈ ಸಲ ಜಾರ್ ಆಟಕ್ಕೆ ಮಂಜಿನ ಕಣ ಕಟ್ಟಲ್ವಾ?"

"ಕಟ್ಟೋನು ಮಲಗಿದಾನಲ್ಲೇ, ಚರ್ಚಿನ ಹಿಂದೆ."

"ಹೋಗ್ಲಿ ಬಿಡಿ. ನಮ್ಮಜ್ಜನ ಹೊಂಡ ಇದೆಯಲ್ಲ, ಅಲ್ಲೇ ಆಡ್ತೀವಿ."

ಅವಳು ಕುಣಿಯುತ್ತಾ ಹೋದಳು. ನಾನು ಕೋಸಿನ ಸಾಲಿನಲ್ಲೇ ಕೂತೆ.

ಆ ಹೊಂಡ ನಿನಗೂ ಗೊತ್ತು, ನನಗೂ ಗೊತ್ತು. ದನ ಕುಡಿಯಲೆಂದು ನೆಸ್ತೋರ ಮಂಜುಗಡ್ಡೆ ಒಡೆಯುತ್ತಾನೆ. ಒಡೆದ ಬಾಯಿ ಮತ್ತೆ ತೆಳ್ಳಗೆ ಕಟ್ಟಿಕೊಳ್ಳುತ್ತದೆ, ಅದರ ಮೇಲೆ ಹಿಮ ಬೀಳುತ್ತದೆ, ಆಮೇಲೆ ಎಲ್ಲಾ ಒಂದೇ ಬಿಳುಪು. ನಿನ್ನ ತಮ್ಮ ಯುರ್ಕೊ ಹಾಗೆಯೇ ಹೋದ. ನಿನ್ನ ಅಪ್ಪ ಅಮ್ಮ ಆ ಹೊಂಡದ ಮಗ್ಗುಲಲ್ಲಿ ಇರಲಾರದೆ ಪಶ್ಚಿಮಕ್ಕೆ ಹೋದರು, ನೀನು ಹಟ ಹಿಡಿದು ನಮ್ಮಲ್ಲಿ ಉಳಿದೆ. ಮರುವರ್ಷದಿಂದ ಅಜ್ಜ ಹಿತ್ತಲಲ್ಲಿ ಕಣ ಕಟ್ಟಲು ಶುರು ಮಾಡಿದ. ಸುತ್ತ ಹಲಗೆ, ಒಳಗೆ ಬಿಳಿ ಪ್ಲಾಸ್ಟಿಕ್ಕಿನ ಅಡಿಹಾಸು, ಅದರಲ್ಲಿ ಪಾದ ಮುಳುಗುವಷ್ಟು ನೀರು, ಅದು ಹೆಪ್ಪುಗಟ್ಟಿದರೆ ಕಣ. ಮಗು ಬಿದ್ದರೂ ಹಲ್ಲು ಹೋದೀತು, ಉಸಿರು ಹೋಗದು. ಊರಿನ ಆಟದ ಚಾವಡಿಯ ಮಾಡು ಕುಸಿದು ಬೀಗ ಹಾಕಿದ ಮೇಲಂತೂ ಮಕ್ಕಳಿಗೆ ಇದ್ದದ್ದು ನಮ್ಮ ಹಿತ್ತಲೊಂದೇ. ಯಾಕೆ ಕಟ್ಟುತ್ತೇನೆಂದು ಅವನು ಯಾರಿಗೂ ಹೇಳಲಿಲ್ಲ, ಊರೂ ಕೇಳಲಿಲ್ಲ.

ಈ ವರ್ಷ ನಾನು ಕಟ್ಟುತ್ತೇನೆ. ಕಣವಿಲ್ಲದಿದ್ದರೆ ಮಕ್ಕಳು ಹೊಂಡಕ್ಕೆ ಹೋಗುತ್ತವೆ. ಅಡಿಹಾಸು ಹರಿದರೆ ಕಣವೇ ಇಲ್ಲ. ಒಂದು ಕಲ್ಲು, ಒಂದು ಮೊಳೆ, ನಾಯಿಯ ಒಂದು ಉಗುರು ಸಾಕು ಹರಿಯಲು. ಅದು ಹರಿಯದ ಹಾಗೆ ಅಜ್ಜ ಏನೇನು ಮಾಡುತ್ತಿದ್ದ, ಬರೆದು ಕಳಿಸು. ಜೊತೆಗೆ ಇರುತ್ತಿದ್ದವಳು ನೀನು. ನಾನು ಅಡಿಗೆಮನೆಯ ಕಿಟಕಿಯಿಂದ ಇಬ್ಬರಿಗೂ ಬೈಯುತ್ತಿದ್ದೆನೇ ಹೊರತು ನೋಡುತ್ತಿರಲಿಲ್ಲ.

ನಿನ್ನ ಅಜ್ಜಿ
ಪರಸ್ಕಾ

*

ಹವಾಮಾನ ಕೇಂದ್ರ
೧೭ ಅಕ್ಟೋಬರ್

ಅಜ್ಜಿ,

ಕಾಗದ ಈಗಷ್ಟೇ ಬಂತು. ಈ ವರ್ಷ ಬಿಟ್ಟುಬಿಡು. ನಿನಗೆ ಎಪ್ಪತ್ತಾರು, ಮೈಯಲ್ಲಿ ಸಕ್ಕರೆ ಕಾಯಿಲೆ. ಪಟ್ಟಣದ ವೃದ್ಧರ ವಸತಿಯಲ್ಲಿ ಹೆಸರು ಬರೆಸು, ಬೆಚ್ಚಗಿರುತ್ತೀ.

ಬಿಡುವುದಿಲ್ಲ ಅಂತ ಗೊತ್ತು. ಹಾಗಾದರೆ ಕೇಳು. ಹಾಸು ಬಿಚ್ಚುವ ಮುಂಚೆ ಬೂಟು ಬಿಚ್ಚಬೇಕು. ಬರೀ ಉಣ್ಣೆಯ ಕಾಲುಚೀಲದಲ್ಲಿ ಕಣದ ಜಾಗವನ್ನು ಅಂಗುಲವೂ ಬಿಡದೆ ತುಳಿಯಬೇಕು. ಅಂಗಾಲಿಗೆ ಚುಚ್ಚಿದ್ದು ಪ್ಲಾಸ್ಟಿಕ್ಕಿಗೂ ಚುಚ್ಚುತ್ತದೆ. ಅಜ್ಜ ಕುಂಟೆಯನ್ನೂ ನಂಬುತ್ತಿರಲಿಲ್ಲ, ಕಣ್ಣನ್ನೂ ನಂಬುತ್ತಿರಲಿಲ್ಲ. ಆಮೇಲೆ ಹಲಗೆಯ ಮೂಲೆಗಳು ಹಾಸಿಗೆ ಚುಚ್ಚದ ಹಾಗೆ ಹಳೇ ಕಂಬಳಿಬಟ್ಟೆಯ ಬೂಟು ಕತ್ತರಿಸಿ ಕಟ್ಟು. ಹಾಸನ್ನು ಎಳೆದು ಬಿಗಿ ಮಾಡಬೇಡ, ಮೂಲೆಗಳಲ್ಲಿ ಸಡಿಲ ಇರಲಿ. ನೀರು ಗಟ್ಟಿಯಾಗುವವರೆಗೆ ಮೊಳೆ ಬೇಡ.

ನನ್ನ ಕೆಲಸವನ್ನು ಇನ್ನೆರಡು ವರ್ಷ ಮುಂದುವರಿಸುತ್ತೀಯಾ ಎಂದು ಕೇಳಿದ್ದಾರೆ. ಇನ್ನೂ ಉತ್ತರ ಕೊಟ್ಟಿಲ್ಲ. ಕರೆಯುತ್ತಿದ್ದಾರೆ, ಸಾಕು ಮಾಡುತ್ತೇನೆ.

ಝೆನ್ಯಾ

*

ಝೊರಿಯಾ
೮ ನವೆಂಬರ್

ಝೆನ್ಯಾ,

ಹಾಲಿನ ಗಾಡಿಯವನಿಗೆ ನಾನು ಬಾಗಿಲಲ್ಲಿ ಸಿಕ್ಕಿಸುವ ಚೀಟಿ ನಿನ್ನ ಕಾಗದಕ್ಕಿಂತ ಉದ್ದವಾಗಿರುತ್ತದೆ. ಕರೆಯುತ್ತಿದ್ದಾರಂತೆ! ಯಾರು ಕರೆಯುತ್ತಾರೆ ಅಲ್ಲಿ ನಿನ್ನನ್ನು, ಬಿಳಿ ಕರಡಿಯಾ? ಎರಡು ವರ್ಷ ಯಾಕೆ, ಹತ್ತು ವರ್ಷ ಇರು. ಗಾಳಿ ಅಳೆಯುವ ಬೆಲೂನು ಹಾರಿಸಿಕೊಂಡು ಇರು. ನನಗೇನು, ಪಟ್ಟಣದ ವಸತಿಗೆ ಹೋಗಿ, ಹಲ್ಲಿಲ್ಲದ ಮುದುಕಿಯರ ಜೊತೆ ಸಾಲಾಗಿ ಕೂತು, ಉಪ್ಪಿಲ್ಲದ ಗಂಜಿ ಕುಡಿದು, ಟಿವಿಯಲ್ಲಿ ಯಾರದೋ ಮದುವೆ ನೋಡುತ್ತೇನೆ. ಹಾಗಲ್ಲವೇ ನಿನ್ನ ಆಸೆ?

ಅದು ಹಾಗಿರಲಿ. ಕೆಲಸದ ವಿಷಯ ಹೇಳುತ್ತೇನೆ.

ಅಜ್ಜನ ಬೂದು ಕಾಲುಚೀಲ ಪೆಟ್ಟಿಗೆಯಲ್ಲಿತ್ತು. ಅದನ್ನೇ ಹಾಕಿಕೊಂಡು ಹಿತ್ತಲಿಗೆ ಇಳಿದೆ. ಹಲಗೆ ತಂದಿದ್ದ ನೆಸ್ತೋರ ಟ್ರಾಕ್ಟರ್ ಮೇಲಿಂದಲೇ ಕೂಗಿದ, "ಪರಸ್ಕಕ್ಕ, ಬೂಟು ಯಾರಾದ್ರೂ ಕದ್ರಾ?"

"ನಿನ್ ಬುದ್ಧಿ ಕದ್ದೋರೇ ಕದ್ರು ಕಣೋ. ಸುಮ್ನೆ ಹಲಗೆ ಇಳ್ಸು."

"ನಿಮ್ ಯಜಮಾನ್ರು ಪನಾಸಣ್ಣನೂ ಹೀಗೇ ಕುಣೀತಿದ್ರು. ನಾನು ಮಂತ್ರಾನೋ ಏನೋ ಅಂದ್ಕೊಂಡಿದ್ದೆ."

ಇಡೀ ಜಾಗ ತುಳಿದೆ. ಏನೂ ಚುಚ್ಚಲಿಲ್ಲ. ಬೆಣ್ಣೆಯ ಮೇಲೆ ನಡೆದ ಹಾಗಿತ್ತು. ನಿನ್ನ ಅಜ್ಜನಾದರೆ ಪ್ರತಿವರ್ಷ ಹೆಜ್ಜೆಹೆಜ್ಜೆಗೆ ಅಯ್ಯೋ ಎನ್ನುತ್ತಿದ್ದ, ಬೇಕೆಂದೇ ನನಗೆ ಕೇಳಲಿ ಎಂದು. ನೆಲವನ್ನು ನಾನು ಅವನಿಗಿಂತ ಚೊಕ್ಕವಾಗಿ ಇಟ್ಟಿದ್ದೇನೆ. ಬೇಲಿಯಿಂದ ಹಿತ್ತಲಿಗೆ ನುಗ್ಗಿದ್ದ ಲೈಲಾಕ್ ಗಿಡದ ಚಿಗುರನ್ನೆಲ್ಲ ಬೇಸಿಗೆಯಲ್ಲೇ ಕುಡುಗೋಲಿನಿಂದ ನೆಲಮಟ್ಟಕ್ಕೆ ಕೊಯ್ದುಹಾಕಿದ್ದೆ. ಅವನು ಒಂದೊಂದನ್ನೂ ಬೇರುಸಹಿತ ಕೀಳುತ್ತಾ ಎರಡು ದಿನ ಕಳೆಯುತ್ತಿದ್ದ. ಗಂಡಸರಿಗೆ ಕೆಲಸ ಉದ್ದ ಮಾಡುವುದೇ ಒಂದು ಸುಖ.

ಸಂಜೆ ಒಗೆಯಲು ಹಾಕುವಾಗ ನೋಡಿದರೆ ಒಂದು ಕಾಲುಚೀಲದ ಹಿಮ್ಮಡಿ ಕೆಂಪಗಿತ್ತು. ಮಧ್ಯಾಹ್ನದ ಬೋರ್ಷ್ ಸಾರು ಚೆಲ್ಲಿಕೊಂಡಿರಬೇಕು. ಬೀಟ್‌ರೂಟಿನ ಕಲೆ, ಎಷ್ಟು ಉಜ್ಜಿದರೂ ಹೋಗಲಿಲ್ಲ. ಅಜ್ಜನ ಚೀಲವಾದ್ದರಿಂದ ಬೇಸರವಾಯಿತು.

ಮೂಲೆಗಳಿಗೆ ಕಂಬಳಿ ಬೂಟಿನ ತುಂಡು ಕಟ್ಟಿದೆ. ಹಾಸು ಹಾಸಿದೆವು. ಮೂಲೆಯಲ್ಲಿ ಸಡಿಲ ಬಿಟ್ಟಿದ್ದೇನೆ, ಮೊಳೆ ಹೊಡೆದಿಲ್ಲ. ನೆಸ್ತೋರನ ನಾಯಿಯನ್ನು ಕಟ್ಟಿಹಾಕಿಸಿದ್ದೇನೆ. ಚಳಿ ಬಿಗಿಯಾಗಲೆಂದು ಕಾಯುತ್ತಿದ್ದೇವೆ. ಬಿಗಿಯಾದ ಕೂಡಲೇ ಅವನು ತೊಟ್ಟಿ ಗಾಡಿಯಲ್ಲಿ ನೀರು ತರುತ್ತಾನೆ. ಲೂಬಾ ಮತ್ತು ಅವಳ ಸೈನ್ಯ ದಿನಾ ಬಂದು ಬೇಲಿಗೆ ಜೋತುಬೀಳುತ್ತವೆ. ಹೊಂಡದ ಮಾತೇ ಇಲ್ಲ. ನೋಡಿದೆಯಾ, ಮುದುಕಿ ಮಾಡಿದಳು.

ಮುಂದಿನ ಕಾಗದದಲ್ಲಿ ಕಡಿಮೆಯೆಂದರೆ ಒಂದು ಪುಟ ತುಂಬಿಸು.

ಅಜ್ಜಿ

*

ಹವಾಮಾನ ಕೇಂದ್ರ
೧೬ ನವೆಂಬರ್

ಅಜ್ಜಿ,

ಅದು ಬೀಟ್‌ರೂಟ್ ಅಲ್ಲ. ಕನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲು ನೋಡಿಕೋ, ಈಗಲೇ. ವೈದ್ಯರಲ್ಲಿಗೆ ಹೋಗು. ನೀರು ತುಂಬಿಸಬೇಡ. ನೆಲದಲ್ಲಿ ಏನೋ ಇದೆ, ನಿನ್ನ ಕಾಲಿಗೆ ಅದು ತಿಳಿದಿಲ್ಲ.

ಇಷ್ಟೇ ಬರೆಯಲು ಆಗುವುದು.

ಝೆನ್ಯಾ

*

ಝೊರಿಯಾ
೪ ಡಿಸೆಂಬರ್

ಝೆನ್ಯಾ,

ನಿನ್ನ ಚೀಟಿ ಬಂತು. ನೀರು ಹೋದ ಮೇಲೆ ಬಂತು.

ನೆಸ್ತೋರ ತುಂಬಿಸಿ ಹೋದ ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿಗೆ ಬಂದೆ. ಕರೆದು ಮುಗಿಸಿದ ಕೆಚ್ಚಲಿನ ಹಾಗೆ ಹಾಸು ನೆಲಕ್ಕೆ ಅಂಟಿಕೊಂಡು ಬಿದ್ದಿತ್ತು. ನೀರೆಲ್ಲ ಕೋಸಿನ ಪಾತಿಗೆ ಇಳಿದಿತ್ತು. ಬೇಲಿಯ ಕಡೆಯ ಮೂಲೆಯಲ್ಲಿ ಒಂದು ತೂತು. ಮೊದಲು ಸೂಜಿಯಷ್ಟೇ ಇದ್ದಿರಬೇಕು, ಭಾರಕ್ಕೆ ತೋಳುದ್ದ ಸೀಳಿತ್ತು. ನೆಸ್ತೋರ ಅಂಟುಪಟ್ಟಿ ಹಚ್ಚಿದ, ಚಳಿಗೆ ಅದು ಒಣ ಎಲೆಯ ಹಾಗೆ ಉದುರಿತು. ಮಾಡಿಗೆ ಬಳಿಯುವ ಡಾಂಬರು ಬಳಿದ, ಅದು ಬಿರುಕು ಬಿಟ್ಟಿತು. "ಆಗಲ್ಲ ಪರಸ್ಕಕ್ಕ, ಇದರ ಆಯಸ್ಸು ಮುಗೀತು" ಎಂದ. ಯಾರ ಆಯಸ್ಸಿನ ಬಗ್ಗೆಯೂ ನನ್ನ ಮುಂದೆ ಮಾತಾಡಬೇಡ ಎಂದು ಕಳಿಸಿದೆ.

ನಿನ್ನೆ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ತೆರೆದರೆ ಲೂಬಾ. ಬಲಗಾಲಿನ ಪ್ಯಾಂಟು ತೊಡೆಯವರೆಗೆ ಮರದ ತೊಗಟೆಯಂತೆ ಸೆಟೆದು ನಿಂತಿತ್ತು. ತುಟಿ ನೀಲಿ.

"ನಮ್ಮಜ್ಜಂಗೆ ಹೇಳ್ಬೇಡಿ ಅಜ್ಜಿ."

"ಎಲ್ಲಿಗೆ ಹೋಗಿದ್ದೆ?"

"ಒಂದು ಕಾಲು ಮಾತ್ರ ಹೋಯ್ತು. ತಕ್ಷಣ ಎಳ್ಕೊಂಡೆ. ನಿಜವಾಗ್ಲೂ ತಕ್ಷಣ."

ನಾನು ಅವಳಿಗೆ ಬೈಯಲಿಲ್ಲ. ಒಲೆಯ ಮುಂದೆ ಕೂರಿಸಿ ಪ್ಯಾಂಟನ್ನು ಕತ್ತರಿಸಿ ಬಿಚ್ಚಿದೆ. ಆ ಪುಟ್ಟ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜಿದೆ. ಯುರ್ಕೊನ ಕಾಲನ್ನು ಹೀಗೆ ಉಜ್ಜಿದ್ದೆ. ಅವನನ್ನು ಒಳಗೆ ತಂದು ಮಲಗಿಸಿದಾಗ, ಇನ್ನು ಸಾಕು ಪರಸ್ಕಾ ಎಂದು ಅಜ್ಜ ಕೈ ಹಿಡಿಯುವವರೆಗೆ. ಲೂಬಾ, "ಅಜ್ಜಿ, ಉರೀತಿದೆ, ಬಿಡಿ" ಎಂದು ಅತ್ತಾಗ ಬಿಟ್ಟೆ. ಉರಿಯುತ್ತದೆ ಎಂದಳಲ್ಲ, ಅಷ್ಟು ಸಾಕಾಯಿತು.

ನೆಸ್ತೋರನಿಗೆ ಹೇಳಿದೆ. ಅವನು ಹೊಂಡದ ಸುತ್ತ ತಂತಿ ಬಿಗಿದಿದ್ದಾನೆ. ಮಕ್ಕಳಿಗೆ ತಂತಿ ಒಂದು ಲೆಕ್ಕವೇ? ಇವತ್ತು ಬೆಳಿಗ್ಗೆ ತಂತಿಯಿಂದಾಚೆ ಹೊಸ ಹೆಜ್ಜೆ ಇತ್ತು. ಕಣವಿಲ್ಲ, ಹಾಸಿಲ್ಲ, ಮುಂದೆ ಇಡೀ ಚಳಿಗಾಲ ಬಿದ್ದಿದೆ.

ನೀನೋ, ಅಲ್ಲಿ ಕೂತು ನನ್ನ ಕಾಲಿಗೆ ಬುದ್ಧಿ ಹೇಳುತ್ತೀ. ನನ್ನ ಕಾಲು ನನ್ನದು. ಅದರ ಮೇಲೆ ನಿಂತು ಮೂರು ಹೆಣಕ್ಕೆ ಸ್ನಾನ ಮಾಡಿಸಿದ್ದೇನೆ, ನನ್ನ ತಾಯಿಗೆ, ನಿನ್ನ ತಮ್ಮನಿಗೆ, ನಿನ್ನ ಅಜ್ಜನಿಗೆ. ಮೂರನೆಯದಕ್ಕೆ ನೀರು ಹೊಯ್ಯಲು ನೀನಿರಬೇಕಿತ್ತು. ಕೇಳುವುದಿಲ್ಲ ಎಂದಿದ್ದೆ. ಈಗ ಕೇಳುತ್ತೇನೆ. ಅವನ ಹೆಣದ ಹತ್ತಿರ ಬರಲಾಗದಷ್ಟು ದೊಡ್ಡ ಕೆಲಸವೇನಿತ್ತೇ ನಿನಗೆ ಅಲ್ಲಿ?

ಪರಸ್ಕಾ

*

ಹವಾಮಾನ ಕೇಂದ್ರ
೧೪ ಡಿಸೆಂಬರ್

ಪ್ರೀತಿಯ ಅಜ್ಜಿ,

ಬಿರುಗಾಳಿ ವಿಮಾನವನ್ನು ನೆಲಕ್ಕೆ ಹಿಡಿದು ಕೂರಿಸಿದೆ. ನಾಳೆಯವರೆಗೆ ಏಳುವುದಿಲ್ಲವಂತೆ. ಅದಕ್ಕೆ ಮೊದಲ ಸಲ ಕೂತು ಬರೆಯುತ್ತಿದ್ದೇನೆ.

ನಿನಗೆ ಇದನ್ನು ನಾನು ಹೇಳಿಯೇ ಇರಲಿಲ್ಲ. ವಿಮಾನ ತಿಂಗಳಿಗೊಮ್ಮೆ ಬರುತ್ತದೆ. ನಿನ್ನ ಕಾಗದ ತರುವುದೂ ಅದೇ, ನನ್ನದು ಒಯ್ಯುವುದೂ ಅದೇ. ಸಾಮಾನು ಇಳಿಸಿ ಮುಗಿಯುವುದರೊಳಗೆ ನಾನು ಓದಿ, ಎಣ್ಣೆ ಪೀಪಾಯಿಯ ಮೇಲೆ ಕಾಗದವಿಟ್ಟು, ಕೈಗವಸು ಬಿಚ್ಚಿ ಬರೆದು ಕೊಡಬೇಕು. ಇಲ್ಲದಿದ್ದರೆ ಉತ್ತರ ಮುಂದಿನ ತಿಂಗಳಿಗೆ. ಇಂಜಿನ್ ಆರಿಸುವುದೂ ಇಲ್ಲ, ಆರಿಸಿದರೆ ಮತ್ತೆ ಹೊತ್ತಿಕೊಳ್ಳುವುದಿಲ್ಲ ಎಂಬ ಹೆದರಿಕೆ. ಕರೆಯುವುದು ಪೈಲಟ್, ಬಿಳಿ ಕರಡಿಯಲ್ಲ.

ಈಗ ಮಾರ್ಚ್.

ಅಜ್ಜ ಹೋದ ಸುದ್ದಿ ರೇಡಿಯೋದಲ್ಲಿ ಬಂದ ಮರುದಿನವೇ ವಿಮಾನದ ದಿನ. ನಾನು ಚೀಲ ಹಿಡಿದು ಓಡುದಾರಿಯ ಬಳಿ ನಿಂತಿದ್ದೆ, ಕಪ್ಪು ಬಟ್ಟೆ ಇಟ್ಟುಕೊಂಡಿದ್ದೆ. ಸಾಮಾನಿನ ನಡುವೆ ಒಬ್ಬರಿಗೆ ಜಾಗ. ಆ ಬೆಳಿಗ್ಗೆ ನಮ್ಮ ಅಡಿಗೆಯವನು ಹೊಟ್ಟೆ ಹಿಡಿದುಕೊಂಡು ಬಿದ್ದ. ಒಳಗೆ ಕರುಳ ಬಳಿ ಏನೋ ಒಡೆದಿತ್ತು. ಸ್ಟ್ರೆಚರ್ ಒಳಗೆ ಹೋದ ಮೇಲೆ ನನ್ನ ಚೀಲಕ್ಕೂ ಜಾಗ ಉಳಿಯಲಿಲ್ಲ. ಯಾರೂ ನನ್ನನ್ನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ನಾನೇ ಒಂದು ತುದಿ ಹಿಡಿದು ಅವನನ್ನು ಎತ್ತಿದೆ. ಅವನು ಬದುಕಿದ.

ನಿನಗೆ ಯಾಕೆ ಬರೆಯಲಿಲ್ಲ? ಬರೆದರೆ ನೆಪ ಎನ್ನುತ್ತೀ ಎಂದುಕೊಂಡೆ. ಆಮೇಲೆ ನೀನು ಕೇಳಲೇ ಇಲ್ಲ. ನೀನು ಕೇಳದಿದ್ದದ್ದಕ್ಕೆ, ನಿನಗೆ ನಾನು ಬೇಕಾಗಿಯೇ ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮಣ್ಣು ಮಾಡುವ ಹೊತ್ತಿಗೆ ಇಲ್ಲಿ ಬೆಲೂನು ಬಿಡುವ ಸಮಯವಾಗಿತ್ತು. ಬಿಟ್ಟೆ. ಗಾಳಿ ಅದನ್ನು ದಕ್ಷಿಣಕ್ಕೆ ಒಯ್ದಿತು. ಕಾಣುವವರೆಗೆ ನೋಡಿದೆ.

ಅಜ್ಜಿ, ಲೂಬಾಳ ಕಾಲಿನ ಬಗ್ಗೆ ಓದಿದ ಮೇಲೆ ನನಗೆ ಇಲ್ಲಿ ಕೂರಲಾಗುತ್ತಿಲ್ಲ. ಇನ್ನೊಂದು ಹಾಸು ಹೊಂದಿಸಬೇಕು. ನೆಸ್ತೋರ ಮಾವ ಹಸಿ ಮೇವಿನ ರಾಶಿಗೆ ಮುಚ್ಚುವ ಪ್ಲಾಸ್ಟಿಕ್ ಇದೆಯಲ್ಲ, ಒಂದು ಮೈ ಬಿಳಿ, ಒಂದು ಮೈ ಕಪ್ಪು, ಅದು ಮಿಕ್ಕಿದ್ದರೆ ಕೇಳು. ಬಿಳಿ ಮೈ ಮೇಲಕ್ಕೆ ಬರಬೇಕು. ಕಪ್ಪು ಮೇಲಾದರೆ ಬಿಸಿಲು ಹೀರಿ ಗಡ್ಡೆಯನ್ನು ಅಡಿಯಿಂದ ಕರಗಿಸುತ್ತದೆ.

ಆದರೆ ಮೊದಲು ನೆಲ. ಅದನ್ನು ನೀನು ತುಳಿಯಬೇಡ. ಅಜ್ಜ ಯಾವಾಗಲೂ ತಾನು ತುಳಿದ ಮೇಲೆ ನನ್ನನ್ನೂ ತುಳಿಸುತ್ತಿದ್ದ, ಗೊತ್ತಾ? "ನನ್ ಅಂಗಾಲು ಎತ್ತಿನ ಗೊರಸು ಕಣೆ. ನಿಂದು ಮೆತ್ತಗಿದೆ, ನಂಗೆ ತಿಳೀದೆ ಇರೋದು ನಿಂಗೆ ತಿಳಿಯುತ್ತೆ" ಅನ್ನುತ್ತಿದ್ದ. ನಾನು ಚುಚ್ಚಿತು ಎಂದ ಕಡೆ ಬಗ್ಗಿ ಕೈಯಿಂದ ತಡವುತ್ತಿದ್ದ. ಮಕ್ಕಳನ್ನು ಕರೆ. ಅವರ ಕಣ, ಅವರೇ ತುಳಿಯಲಿ.

ವೈದ್ಯರಲ್ಲಿಗೆ ಹೋಗು. ಬೈಯುತ್ತಲೇ ಹೋಗು, ಆದರೆ ಹೋಗು.

ನಿನ್ನ ಝೆನ್ಯಾ

*

ಝೊರಿಯಾ
೮ ಜನವರಿ ೧೯೯೭

ಝೆನ್ಯಾ, ಮಗಳೇ,

ಪೀಪಾಯಿಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತೇನೆ ಎಂದು ಮೊದಲೇ ಒಂದು ಸಾಲು ಹಾಕಲು ನಿನಗೇನಾಗಿತ್ತು? ಎರಡು ತಿಂಗಳು ನಾನು ಬಿಳಿ ಕರಡಿಗೆ ಶಾಪ ಹಾಕಿದ್ದೇನೆ. ಹಟ ಯಾರಿಂದ ಬಂತು ನಿನಗೆ ಎಂದು ಕೇಳುವುದಿಲ್ಲ.

ನಿನ್ನ ಕಾಗದವನ್ನು ಓದಿ ಮಡಿಸಿ, ಕೋಟಿನ ಜೇಬಿನಲ್ಲಿಟ್ಟುಕೊಂಡು ಚರ್ಚಿನ ಹಿಂದಕ್ಕೆ ಹೋದೆ. ಕಲ್ಲಿನ ಮೇಲಿನ ಹಿಮ ಕೈಯಿಂದ ಸರಿಸಿ ಅವನಿಗೆ ಹೇಳಿದೆ: ಅವಳು ಚೀಲ ಹಿಡಿದು ನಿಂತಿದ್ದಳಂತೆ, ಕಪ್ಪು ಬಟ್ಟೆ ಇಟ್ಟುಕೊಂಡಿದ್ದಳಂತೆ. ಅವನಾಗಿದ್ದರೂ ಆ ಅಡಿಗೆಯವನನ್ನೇ ಮೊದಲು ಎತ್ತುತ್ತಿದ್ದ. ನಾನಾಗಿದ್ದರೆ ಎತ್ತುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಅವನಿಗೆ ತಾಯಿ ಇದ್ದಾಳಾ? ಇದ್ದರೆ ವಿಳಾಸ ಕಳಿಸು. ಗಸಗಸೆ ಸುರುಳಿ ರೊಟ್ಟಿ ಮಾಡಿ ಕಳಿಸುತ್ತೇನೆ.

ವೈದ್ಯನ ಹತ್ತಿರ ಹೋದೆ. ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ನನ್ನನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ಏನೋ ಮೀನಿನ ಗಾಳದ ದಾರದಂಥದ್ದು ತೋರಿಸಿದ. ಇದು ತಾಗಿದಾಗೆಲ್ಲ ಹೂಂ ಅನ್ನಿ ಎಂದ. ಕಾದೆ. ಕಾದು ಕಾದು ಸಾಕಾಯಿತು.

"ಏನಪ್ಪಾ, ಶುರು ಮಾಡೋದು ಯಾವಾಗ?" ಅಂದೆ.

"ಎರಡೂ ಕಾಲು ಮುಟ್ಟಿ ಮುಗೀತಮ್ಮ" ಅಂದ.

ಅವನು ಮೆಲ್ಲಗೆ ಹೇಳಿದ. ಅದಕ್ಕೇ ನನಗೆ ಹೆದರಿಕೆಯಾಯಿತು. ಸಕ್ಕರೆ ಕಾಯಿಲೆಗೆ ಅಂಗಾಲು ಮರಗಟ್ಟಿದೆಯಂತೆ, ಹಿಮ್ಮಡಿಯ ಗಾಯ ಒಳಗೆ ಕೀವು ಕಟ್ಟಿತ್ತಂತೆ. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಕಾಲಿನ ಮಾತೇ ಬೇರೆಯಾಗುತ್ತಿತ್ತಂತೆ. ಈಗ ಆರುತ್ತಿದೆ. ದಿನಾ ಕನ್ನಡಿಯಲ್ಲಿ ಅಂಗಾಲು ನೋಡಿಕೊಳ್ಳುತ್ತೇನೆ. ಇಷ್ಟು ವರ್ಷ ಮುಖವನ್ನೂ ಅಷ್ಟು ಹೊತ್ತು ನೋಡಿಕೊಂಡವಳಲ್ಲ. ನಿನ್ನ ಚೀಟಿ ಚಿಕ್ಕದಾಗಿತ್ತು, ಸರಿ. ಆ ಚಿಕ್ಕ ಚೀಟಿಯ ದೆಸೆಯಿಂದಲೇ ಎರಡು ಕಾಲಿನ ಮೇಲೆ ನಿಂತಿದ್ದೇನೆ. ಇದನ್ನು ಒಂದೇ ಸಲ ಬರೆಯುತ್ತೇನೆ, ಮತ್ತೆ ಕೇಳಬೇಡ.

ಈಗ ಕಣ.

ನಡುವೆ ಚಳಿ ಸ್ವಲ್ಪ ಸಡಿಲಿಸಿತು, ಮಧ್ಯಾಹ್ನದ ಬಿಸಿಲಿಗೆ ಮಾಡಿನಿಂದ ಹನಿ ಬೀಳುವಷ್ಟು. ಹರಿದ ಹಾಸನ್ನು ಎತ್ತಿಸಿದೆ, ಹಿತ್ತಲ ಹಿಮ ಗುಡಿಸಿಸಿದೆ. ಊರಿನ ಮಕ್ಕಳಿಗೆಲ್ಲ ಹೇಳಿಕಳಿಸಿದೆ. ಒಬ್ಬೊಬ್ಬರಿಗೂ ಎರಡೆರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಸಿ, ಅವರ ಬೂಟುಗಳನ್ನೆಲ್ಲ ಒಲೆಯ ಮುಂದೆ ಸಾಲಾಗಿ ಬಿಸಿಗಿಟ್ಟು, ನಡೀರಿ ಎಂದೆ. ನಾನು ಅಜ್ಜನ ಹಾಗೆ ಅವರ ಹಿಂದೆ. ಬೂಟು ಹಾಕಿಕೊಂಡೇ ಇದ್ದೆ, ಹೆದರಬೇಡ.

ಹಿತ್ತಲೆಲ್ಲ ಸಂತೆ. "ಅಜ್ಜಿ, ಇಲ್ಲಿ!" "ಅಜ್ಜಿ, ಇಲ್ಲಿ ಚುಚ್ಚಿತು!" "ಸುಳ್ಳು ಅಜ್ಜಿ, ಅವನಿಗೆ ಚುಚ್ಚಿಲ್ಲ, ಮಿಠಾಯಿಗೆ ಹೇಳ್ತಿದಾನೆ!" ಒಂದು ಚುಚ್ಚಿಗೆ ಒಂದು ಮಿಠಾಯಿ ಎಂದಿದ್ದು ನನ್ನದೇ ದಡ್ಡತನ. ಆದರೂ ನಿಜವಾದದ್ದೂ ಸಿಕ್ಕವು. ಒಂದು ತುಕ್ಕು ಹಿಡಿದ ಬೇಲಿಮೊಳೆ, ಒಡೆದ ಉಪ್ಪಿನಕಾಯಿ ಜಾಡಿಯ ಚೂರು. ಬೇಲಿಯ ಕಡೆಯ ಮೂಲೆಯ ಹತ್ತಿರ ಲೂಬಾ ಸುಮ್ಮನೆ ನಿಂತುಬಿಟ್ಟಳು. ಕೂಗಲಿಲ್ಲ. ಒಂದು ಕಾಲೆತ್ತಿ ಕೊಕ್ಕರೆಯ ಹಾಗೆ ನಿಂತು, "ಅಜ್ಜಿ, ಇದು ತುಂಬ ಚೂಪು" ಎಂದಳು.

ಬಗ್ಗಿ ತಡವಿದೆ. ಲೈಲಾಕಿನ ಕೂಳೆ. ನಾನು ಕುಡುಗೋಲಿನಿಂದ ಓರೆಯಾಗಿ ಕೊಯ್ದದ್ದು ಒಣಗಿ, ಪೆನ್ನಿನ ಮುಳ್ಳಿನ ಹಾಗೆ ನಿಂತಿತ್ತು. ಅದರ ಪಕ್ಕ ಇನ್ನೊಂದು, ಮತ್ತೊಂದು. ಇಡೀ ಸಾಲು. ಅದರ ಮೇಲೆ ನಾನು ಅಷ್ಟು ಹಿಂದೆ ಮುಂದೆ ನಡೆದು, ಬೆಣ್ಣೆ ಎಂದು ನಿನಗೆ ಬರೆದಿದ್ದೆ. ಅಜ್ಜ ಯಾಕೆ ಬೇರುಸಹಿತ ಕೀಳುತ್ತಿದ್ದನೆಂದು ಆಗ ತಿಳಿಯಿತು. ನೆಸ್ತೋರ ಗುದ್ದಲಿ ತಂದು, ಹೆಪ್ಪುಗಟ್ಟಿದ ನೆಲವನ್ನು ಬಿಸಿನೀರು ಹೊಯ್ದು ಬಿಡಿಸಿ, ಒಂದೊಂದನ್ನೂ ಕಿತ್ತ. ಲೂಬಾ ಕಿತ್ತ ಜಾಗದ ಮೇಲೆ ಮತ್ತೆ ನಡೆದು, "ಈಗ ಇಲ್ಲ" ಎಂದ ಮೇಲೇ ಮುಂದಿನದು. ಅವಳು ಹೊಂಡಕ್ಕೆ ಹಾಕಿದ್ದ ಅದೇ ಬಲಗಾಲು.

ನೆಸ್ತೋರ ಮೇವಿನ ಪ್ಲಾಸ್ಟಿಕ್ ಕೊಟ್ಟ. ಕಪ್ಪು ಮೈ ಮೇಲೆ ಮಾಡಿ ಹಾಸಿ ಸೊಂಟಕ್ಕೆ ಕೈ ಇಟ್ಟು ನಿಂತ.

"ಲೋ, ಇದೇನು ಸಾವಿನ ಮನೆ ಕಪ್ಪು ಬಟ್ಟೆಯಾ? ತಿರುಗ್ಸು."

"ನಾನು ಮೇವಿಗೆ ಹೀಗೇ ಹಾಕೋದು ಪರಸ್ಕಕ್ಕ."

"ಮೇವು ಜಾರ್ ಆಟ ಆಡಲ್ಲ ಕಣೋ. ಬಿಳಿ ಮೇಲೆ. ಝೆನ್ಯಾ ಬರ್ದಿದಾಳೆ."

ನಿನ್ನ ಹೆಸರು ಕೇಳಿದ ಮೇಲೆ ತಿರುಗಿಸಿದ. ನಾನು ಹೇಳಿದರೆ ವಾದ ಮಾಡುತ್ತಾನೆ.

ನೀರು ನಿಂತಿತು. ಮರುದಿನ ಕಿಟಕಿಗೆ ಹೋಗಲು ಧೈರ್ಯವಾಗದೆ ಹೊದಿಕೆಯೊಳಗೇ ಮಲಗಿದ್ದೆ. ಹೊರಗೆ ಮಕ್ಕಳ ಗಲಾಟೆ ಕೇಳಿದ ಮೇಲೆ ಎದ್ದೆ. ಗಡ್ಡೆ ಕಟ್ಟಿತ್ತು. ಹಿಮ ಸರಿಸಲು ತಗಡಿನ ಸಲಿಕೆ ತಂದವನಿಗೆ, ಹಾಸು ಹರಿದೀತು ಎಂದು ಬೈದು ಮರದ್ದು ಕೊಟ್ಟೆ. ಈಗ ಹೊಂಡದ ಕಡೆ ದನದ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆಯಿಲ್ಲ. ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತೇನೆ.

ಮೊನ್ನೆ, ಹಳೇ ಪಂಚಾಂಗದ ನಮ್ಮ ಕ್ರಿಸ್ಮಸ್ಸಿನ ಹಿಂದಿನ ಸಂಜೆ, ಗೋಧಿ, ಜೇನು, ಗಸಗಸೆಯ ಕುತ್ಯಾ ಮಾಡಿದೆ. ಸತ್ತವರಿಗೆಂದು ಯುರ್ಕೊನ ತಟ್ಟೆ, ಅಜ್ಜನ ತಟ್ಟೆ ಇಟ್ಟು ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿದೆ. ನಿನಗೆ ತಟ್ಟೆ ಇಡಲಿಲ್ಲ. ಬದುಕಿರುವವರು ತಾವೇ ಬಂದು ತೆಗೆದುಕೊಳ್ಳಬೇಕು. ಆಮೇಲೆ ಮಕ್ಕಳು ಕಣದಿಂದ ನೇರ ಒಳಗೆ ನುಗ್ಗಿ ಮಿಕ್ಕಿದ್ದೆಲ್ಲ ನೆಕ್ಕಿಹೋದವು. ಅಜ್ಜ ಇದ್ದಿದ್ದರೆ ಅವನಿಗೂ ಉಳಿಯುತ್ತಿರಲಿಲ್ಲ.

ಇನ್ನೊಂದು ಮಾತಿದೆ. ಎರಡು ದಿನದಿಂದ ಬರೆದು ಹರಿಯುತ್ತಿದ್ದೇನೆ.

ಈ ಸಲದ್ದು ಆಯಿತು. ಬರುವ ಅಕ್ಟೋಬರ್‌ಗೆ ಈ ಹಿತ್ತಲಿಗೆ, ಚುಚ್ಚಿದರೆ ತಿಳಿಯುವ ಕಾಲು ಬೇಕು. ನನ್ನವು ಇನ್ನು ಅಡಿಗೆಮನೆಯಿಂದ ಚರ್ಚಿಗೆ, ಅಲ್ಲಿಂದ ವಾಪಸ್ಸು, ಅಷ್ಟಕ್ಕೇ. ಮಕ್ಕಳು ಮಿಠಾಯಿಗೆ ಸುಳ್ಳು ಹೇಳುತ್ತವೆ. ಲೂಬಾ ಒಬ್ಬಳೇ ನಂಬಿಕೆಯವಳು, ಅವಳಿಗೆ ಅಜ್ಜನ ಹಾಗೆ ಹಿಂದಿನಿಂದ ಬಗ್ಗಿ ತಡವುವವರು ಬೇಕು. ನನಗೆ ಬಗ್ಗಿದರೆ ಏಳಲು ನೆಸ್ತೋರ ಬರಬೇಕು. ಆ ಎರಡು ವರ್ಷಕ್ಕೆ ನೀನು ಹೂಂ ಅಂದಿದ್ದೀಯೋ ಇಲ್ಲವೋ, ಬರೆದಿಲ್ಲ. ನಾನೂ ಬಾ ಎಂದು ಬರೆಯುತ್ತಿಲ್ಲ. ವೃದ್ಧರ ವಸತಿಗೆ ಹೋಗುವುದಿಲ್ಲ ಎಂದೂ ಹಟ ಹಿಡಿಯುತ್ತಿಲ್ಲ. ಕಾಲುಚೀಲ ಹೆಣೆಯಲು ಕೂತಿದ್ದೇನೆ, ಬೂದು ಉಣ್ಣೆಯಲ್ಲಿ. ನಿನ್ನ ಕಾಲಿನ ಅಳತೆ ನನಗೆ ಮರೆತುಹೋಗಿದೆ, ಅದಷ್ಟೇ ಬೇಕು.

ವಿಮಾನದಿಂದ ಸಾಮಾನು ಇಳಿಸುತ್ತಿರುವಾಗ ಬೂಟು ಬಿಚ್ಚು. ಈ ಕಾಗದದ ಹಿಂಬದಿ ಖಾಲಿ ಬಿಟ್ಟಿದ್ದೇನೆ. ಪೀಪಾಯಿಯ ಮೇಲಿಟ್ಟು, ಅದರ ಮೇಲೆ ಪಾದ ಊರಿ, ಸುತ್ತ ಗೆರೆ ಎಳೆದು ಕಳಿಸು. ಮಾತು ಬರೆಯಲು ಹೊತ್ತಿಲ್ಲದಿದ್ದರೆ ಬೇಡ, ಗೆರೆ ಸಾಕು, ನನಗೆ ತಿಳಿಯುತ್ತದೆ. ಹೆಣಿಗೆ ಹಿಮ್ಮಡಿಯ ತಿರುವಿಗೆ ಬಂದು ನಿಂತಿದೆ. ಈ ತಿಂಗಳ ವಿಮಾನದಲ್ಲೇ ಹಾಕು, ಫೆಬ್ರವರಿ ಹುಟ್ಟುವ ಮುಂಚೆ ನನ್ನ ಕೈಗೆ ಬರಬೇಕು, ಕೇಳಿಸಿತಾ?

ಅಜ್ಜಿ